ದ್ರಾಕ್ಷಿ ಕೆಳಕ್ಕೆ ಇಳಿಯುತ್ತೆ, ನಾವು ಮೇಲಕ್ಕೆ ಹತ್ತುತೀವಿ: ಆಂಟಿನೋರಿ ವೈನರಿ ಕಟ್ಟಡದ ರಿವ್ಯೂ

ಇಟಲಿಯಲ್ಲಿ ಫ್ಲಾರೆನ್ಸಿಂದ ಸಿಯೆನಾ ಕಡೆ ಹೋಗೋ ಹೈವೇ ಪಕ್ಕ ಬಾರ್ಜಿನೊ ಅಂತ ಒಂದು ಸಣ್ಣ ಊರಿದೆ. ಅಲ್ಲಿರೋ ಆಂಟಿನೋರಿ ನೆಲ್ ಕಿಯಾಂತಿ ಕ್ಲಾಸಿಕೊ ವೈನರಿಗೆ ಹೋಗಿಬಂದವರ ರಿವ್ಯೂ ಓದಿದ್ರೆ ಹೆಚ್ಚಿನವು ವೈನ್ ಹೆಂಗಿತ್ತು, ಮೇಲಿನ ರೆಸ್ಟೋರೆಂಟಿಂದ ವ್ಯೂ ಹೆಂಗಿತ್ತು ಅನ್ನೋದರಲ್ಲೇ ಮುಗಿದುಹೋಗುತ್ತೆ. ನಾನಿಲ್ಲಿ ಬರೀತಿರೋದು ಕಟ್ಟಡದ ಬಗ್ಗೆ. ಅದೂ ಫೋಟೋದಲ್ಲಿ ಎಷ್ಟು ಚಂದ ಬರುತ್ತೆ ಅಂತಲ್ಲ, ಅಲ್ಲಿ ನಡೆಯೋ ವೈನ್ ಮಾಡೋ ಕೆಲಸಕ್ಕೆ ಆ ಕಟ್ಟಡ ಎಷ್ಟು ಒದಗುತ್ತೆ ಅಂತ. ನನ್ನ ಲೆಕ್ಕದಲ್ಲಿ ಐದಕ್ಕೆ ನಾಲ್ಕೂವರೆ ಸ್ಟಾರ್. ಅರ್ಧ ಯಾಕೆ ಕಳೆದೆ ಅಂತ ಮುಂದೆ ಹೇಳ್ತೀನಿ.

ಮೊದಲನೇದು, ದೂರದಿಂದ ನೋಡಿದ್ರೆ ಅಲ್ಲಿ ಕಟ್ಟಡ ಅಂತ ಏನೂ ಕಾಣಲ್ಲ. ದ್ರಾಕ್ಷಿ ತೋಟದ ಗುಡ್ಡ, ಅದರ ಮೈಮೇಲೆ ಅಡ್ಡಡ್ಡ ಸೀಳಿದ ಹಾಗೆ ಎರಡು ಉದ್ದ ಗೆರೆ, ಅಷ್ಟೇ. ಫ್ಲಾರೆನ್ಸಿನ ಆರ್ಕಿಯಾ ಅಸೋಸಿಯಾಟಿ ಅನ್ನೋ ಆರ್ಕಿಟೆಕ್ಟ್ ತಂಡ ಇದನ್ನ ಡಿಸೈನ್ ಮಾಡಿದ್ದು, ಓಪನ್ ಆಗಿದ್ದು 2012ರಲ್ಲಿ. ಆಂಟಿನೋರಿ ಮನೆತನ 1385ರಿಂದ ವೈನ್ ವ್ಯವಹಾರದಲ್ಲಿದೆ. ಅಷ್ಟು ಹಳೇ ಹೆಸರು ಇದ್ದವರು ಮನಸ್ಸು ಮಾಡಿದ್ರೆ ಒಂದು ಅರಮನೆ ಥರದ್ದು ಎಬ್ಬಿಸಬಹುದಿತ್ತು, ಹಾಗೆ ಮಾಡದೆ ಗುಡ್ಡ ಅಗೆದು ಒಳಗೆ ಕಟ್ಟಿ ಮೇಲೆ ಮಣ್ಣು ಹಾಕಿ ಮತ್ತೆ ಬಳ್ಳಿ ನೆಟ್ಟಿದ್ದಾರೆ, ಅಂದ್ರೆ ವೈನರಿಯ ಛಾವಣಿನೇ ದ್ರಾಕ್ಷಿ ತೋಟ. ಈ ನಿರ್ಧಾರಕ್ಕೆ ನನ್ನ ಪೂರ್ತಿ ಮಾರ್ಕ್ಸು. ನೋಡೋಕೆ ಚೆಂದ ಅನ್ನೋದು ಇರಲಿ, ಒಳಗಿನ ಕೆಲಸಕ್ಕೆ ಬೇಕಾದ ತಂಪು ಅಲ್ಲಿಂದಲೇ ಶುರುವಾಗೋದು.

ಈ ಕಟ್ಟಡ ಅರ್ಥ ಆಗಬೇಕಂದ್ರೆ ಮುಂಭಾಗ ನೋಡಿ ಪ್ರಯೋಜನ ಇಲ್ಲ, ಗುಡ್ಡವನ್ನ ಮೇಲಿಂದ ಕೆಳಗೆ ಕುಯ್ದರೆ ಒಳಗೆ ಹೆಂಗಿರುತ್ತೆ ಅಂತ ಕಲ್ಪಿಸಿಕೋಬೇಕು. ದ್ರಾಕ್ಷಿ ಮೇಲಿನ ಮಟ್ಟದಲ್ಲಿ ಬಂದು ಇಳಿಯುತ್ತೆ, ಅಲ್ಲಿಂದ ಫರ್ಮೆಂಟೇಶನ್ ಟ್ಯಾಂಕಿಗೆ, ಅಂದ್ರೆ ರಸ ಹುದುಗಿ ವೈನ್ ಆಗೋ ಟ್ಯಾಂಕಿಗೆ ಬೀಳುತ್ತೆ, ಅಲ್ಲಿಂದ ಇನ್ನೂ ಕೆಳಗಿನ ಓಕ್ ಪೀಪಾಯಿಗಳ ನೆಲಮಾಳಿಗೆಗೆ ಹೋಗುತ್ತೆ. ನೋಡೋಕೆ ಬಂದವರ ದಾರಿ ಇದಕ್ಕೆ ಪೂರ್ತಿ ಉಲ್ಟಾ. ಕೆಳಗೆ ಕಾರು ನಿಲ್ಲಿಸಿ, ತುಕ್ಕು ಬಣ್ಣದ ಕಾರ್ಟೆನ್ ಸ್ಟೀಲಿನ ಸುರುಳಿ ಮೆಟ್ಟಿಲು ಹತ್ಕೊಂಡು, ವೈನ್ ಮಾಡೋ ಜಾಗಗಳನ್ನ ದಾಟಿ, ಕೊನೆಗೆ ಟೇಸ್ಟಿಂಗ್ ರೂಮು, ಮ್ಯೂಸಿಯಂ, ರೆಸ್ಟೋರೆಂಟ್ ಇರೋ ಕಡೆ ತಲುಪ್ತಾರೆ. ವೈನ್ ಇಳೀತಾ ಹೋಗುತ್ತೆ, ಜನ ಹತ್ತುತಾ ಹೋಗ್ತಾರೆ, ಎರಡೂ ಒಂದಕ್ಕೊಂದು ಅಡ್ಡ ಬರೋದಿಲ್ಲ. ಕೊಯ್ಲಿನ ಸಮಯದಲ್ಲಿ ವೈನರಿ ಅಂದ್ರೆ ಟ್ರ್ಯಾಕ್ಟರು, ಫೋರ್ಕ್‌ಲಿಫ್ಟು, ನೆಲದ ತುಂಬಾ ನೀರಿನ ಪೈಪು, ಬಿಸಿನೀರು, ಓಡಾಡೋ ಕೆಲಸಗಾರರು. ಇದರ ನಡುವೆ ಟೂರಿಸ್ಟ್ ಗುಂಪು ನುಗ್ಗಿದ್ರೆ ಇಬ್ಬರಿಗೂ ಅಪಾಯ. ಸುಮಾರು ವೈನರಿಗಳಲ್ಲಿ ಇದನ್ನ ಒಂದು ಹಗ್ಗ ಕಟ್ಟಿ, ಬೋರ್ಡ್ ಹಾಕಿ ನಿಭಾಯಿಸ್ತಾರೆ, ಇಲ್ಲಿ ಕಟ್ಟಡದ ಆಕಾರನೇ ಆ ಕೆಲಸ ಮಾಡುತ್ತೆ.

ಈಗ ದ್ರಾಕ್ಷಿ ಯಾಕೆ ಮೇಲಿಂದ ಕೆಳಗೆ ಬೀಳಬೇಕು ಅನ್ನೋ ಪ್ರಶ್ನೆ. ಇದನ್ನ ಗ್ರಾವಿಟಿ ಫ್ಲೋ ಅಂತಾರೆ. ಕೆಂಪು ವೈನ್ ಮಾಡುವಾಗ ರಸದ ಜೊತೆ ಸಿಪ್ಪೆ, ಬೀಜ ಎಲ್ಲಾ ಒಟ್ಟಿಗೇ ಟ್ಯಾಂಕಿಗೆ ಹೋಗುತ್ತೆ, ಬಣ್ಣ ಬರೋದು ಸಿಪ್ಪೆಯಿಂದ. ಒಗರಿನಂಶ, ಅಂದ್ರೆ ಟ್ಯಾನಿನ್, ಸಿಪ್ಪೆಯಲ್ಲೂ ಇರುತ್ತೆ ಬೀಜದಲ್ಲೂ ಇರುತ್ತೆ, ಆದ್ರೆ ಬೀಜದ್ದು ಕಟು, ಕಹಿ. ಈ ಗಟ್ಟಿ ಮಿಶ್ರಣವನ್ನ ಪಂಪಲ್ಲಿ ಜೋರಾಗಿ ತಳ್ಳಿದ್ರೆ ಸಿಪ್ಪೆ ಹರಿದು ಚೂರಾಗುತ್ತೆ, ಬೀಜ ಒಡೆಯೋ ಸಾಧ್ಯತೆ ಇರುತ್ತೆ, ಗಾಳಿನೂ ಬೇಡದ ಹೊತ್ತಲ್ಲಿ ಸೇರಿಕೊಳ್ಳುತ್ತೆ. ಈ ಸೀಮೆಯ ಕೆಂಪು ವೈನಿಗೆ ಕಿಯಾಂತಿ ಕ್ಲಾಸಿಕೊ ಅಂತ ಲೇಬಲ್ ಹಾಕಬೇಕಂದ್ರೆ ಕಡಿಮೆ ಅಂದ್ರೂ 80 ಪರ್ಸೆಂಟ್ ಸಾಂಜೊವೇಸೆ ದ್ರಾಕ್ಷಿ ಇರಲೇಬೇಕು, ಆ ತಳಿ ಸ್ವಭಾವತಃ ಹುಳಿನೂ ಜಾಸ್ತಿ, ಒಗರೂ ಜಾಸ್ತಿ. ಅದರ ಮೇಲೆ ಬೀಜದ ಕಹಿನೂ ಸೇರಿಸಿದ್ರೆ ಕುಡಿಯೋಕೆ ಆಗಲ್ಲ. ಹಂಗಾಗಿ ಮೇಲಿಂದ ತಾನಾಗೇ ಬೀಳಲಿ ಅನ್ನೋ ಡಿಸೈನು ಈ ದ್ರಾಕ್ಷಿಗೆ ಬಹಳ ಹೊಂದುತ್ತೆ.

ಆದ್ರೆ ಒಂದು ಮಾತು ಹೇಳಲೇಬೇಕು. ಗ್ರಾವಿಟಿ ಫ್ಲೋ ಅಂದ್ರೆ ಪಂಪೇ ಇಲ್ಲದ ವೈನರಿ ಅಂತ ತುಂಬಾ ಜನ ತಿಳ್ಕೊಂಡಿರ್ತಾರೆ, ಹಂಗಿರೋದು ಬಹಳ ಅಪರೂಪ. ಫರ್ಮೆಂಟೇಶನ್ ನಡೆಯುವಾಗ ಗ್ಯಾಸಿಗೆ ಸಿಪ್ಪೆಯೆಲ್ಲಾ ಮೇಲೆ ತೇಲಿ ದಪ್ಪ ಪದರ ಕಟ್ಟುತ್ತೆ, ಅದನ್ನ ಒದ್ದೆಯಾಗಿ ಇಡೋಕೆ ಕೆಳಗಿನ ರಸ ತೆಗೆದು ಮೇಲೆ ಸುರೀಬೇಕು, ಇಲ್ಲಾ ಮೇಲಿಂದ ಅದುಮಬೇಕು, ಸುರಿಯೋದಾದ್ರೆ ಸಾಮಾನ್ಯವಾಗಿ ಪಂಪು ಬೇಕೇ ಬೇಕು. ಆಮೇಲೆ ಒಂದು ಪೀಪಾಯಿಯಿಂದ ಇನ್ನೊಂದಕ್ಕೆ ಬದಲಾಯಿಸುವಾಗ, ಬಾಟ್ಲಿಂಗಿಗೆ ಕಳಿಸುವಾಗಲೂ ಬೇಕಾಗುತ್ತೆ. ಕಟ್ಟಡದಿಂದ ನಿಜವಾದ ಲಾಭ ಸಿಗೋದು ಶುರುವಿನ ಘಟ್ಟದಲ್ಲಿ, ಹಣ್ಣು ಹಣ್ಣಾಗೇ ಇರುವಾಗ. ಆ ಒಂದು ಘಟ್ಟ ಮೆತ್ತಗೆ ನಡೆದ್ರೆ ಅರ್ಧ ಗೆದ್ದ ಹಾಗೆ, ನನಗೆ ಅಷ್ಟು ಸಾಕು. ಪೂರ್ತಿ ಗ್ರಾವಿಟಿ ಅಂತ ಎಲ್ಲೇ ಬೋರ್ಡ್ ಕಂಡ್ರೂ ಮಾತ್ರ ಒಂಚೂರು ಕೇಳಿ ನೋಡಿ.

ಟ್ಯಾಂಕ್ ವಿಷಯ ಬಂದಾಗ ನೆನಪಾಗೋದು ಫ್ರಾನ್ಸಿನ ಶಾತೋ ಶೆವಾಲ್ ಬ್ಲಾಂಕ್ ಅನ್ನೋ ವೈನರಿ. ಅಲ್ಲಿ ಕ್ರಿಸ್ತಿಯಾನ್ ದ ಪೋರ್ತ್‌ಜಾಂಪಾರ್ಕ್ ಡಿಸೈನ್ ಮಾಡಿದ ಹೊಸ ಕಟ್ಟಡ 2011ರಲ್ಲಿ ಶುರುವಾಯ್ತು, ಒಳಗೆ 52 ಕಾಂಕ್ರೀಟ್ ಟ್ಯಾಂಕ್, ಸೈಜು ಎಲ್ಲಾ ಒಂದೇ ಥರ ಇಲ್ಲ. ಕಾರಣ ಏನಂದ್ರೆ ತೋಟದ ಒಂದೊಂದು ತುಂಡು ನೆಲದ ಹಣ್ಣನ್ನ ಬೇರೆಬೇರೆಯಾಗಿ ಫರ್ಮೆಂಟ್ ಮಾಡಬೇಕು, ತುಂಡು ಚಿಕ್ಕದಿದ್ರೆ ಟ್ಯಾಂಕೂ ಚಿಕ್ಕದು. ಅಂದ್ರೆ ಹೊರಗಿನ ತೋಟದ ನಕ್ಷೆ ಹೆಂಗಿದೆಯೋ ಒಳಗಿನ ಟ್ಯಾಂಕ್ ಹಾಲೂ ಹಂಗೇ ಇದೆ. ಆರ್ಕಿಟೆಕ್ಟ್ ಪೆನ್ನು ಎತ್ತೋಕೆ ಮುಂಚೆ ವೈನ್ ಮೇಕರ್ ಜೊತೆ ಕೂತು ಮಾತಾಡಿದ್ದಾರೆ ಅನ್ನೋದು ಇಂಥಾ ಕಡೆ ಗೊತ್ತಾಗುತ್ತೆ. ದೊಡ್ಡ ಟ್ಯಾಂಕ್ ನಾಲ್ಕು ಹಾಕಿ ಎಲ್ಲಾ ಅದರಲ್ಲೇ ತುಂಬಿ ಅಂದ್ರೆ ತೋಟದಲ್ಲಿ ವರ್ಷವಿಡೀ ಮಾಡಿದ ಸೂಕ್ಷ್ಮ ಕೆಲಸ ಒಂದೇ ದಿನದಲ್ಲಿ ಕಲಸಿಹೋಗುತ್ತೆ.

ಬಾರ್ಜಿನೊದಲ್ಲಿ ನನಗೆ ಎಲ್ಲಕ್ಕಿಂತ ಇಷ್ಟ ಆಗಿದ್ದು ಪೀಪಾಯಿ ಇಡೋ ನೆಲಮಾಳಿಗೆ. ಗುಡ್ಡದ ಒಳಗಡೆ, ಕತ್ತಲು, ಮೇಲೆ ಸುಟ್ಟ ಮಣ್ಣಿನ, ಅಂದ್ರೆ ಟೆರಾಕೋಟಾದ ಕಮಾನುಗಳು ಸಾಲಾಗಿ, ಕೆಳಗೆ ಪೀಪಾಯಿಗಳ ಸಾಲು. ಒಳಗೆ ಕಾಲಿಟ್ಟ ತಕ್ಷಣ ಮಾತು ತಾನಾಗೇ ಸಣ್ಣದಾಗುತ್ತೆ. ಆದ್ರೆ ಆ ಕತ್ತಲು, ಆ ಆಳ ಬರೀ ಅನುಭವಕ್ಕೋಸ್ಕರ ಮಾಡಿದ್ದಲ್ಲ. ನೆಲದ ಆಳಕ್ಕೆ ಹೋದಷ್ಟೂ ಬೇಸಿಗೆ ಚಳಿಗಾಲದ ಏರಿಳಿತ ಕಮ್ಮಿ ಆಗುತ್ತಾ ಬಂದು ತಾಪಮಾನ ಆ ಜಾಗದ ವರ್ಷದ ಸರಾಸರಿ ಹತ್ತಿರ ನಿಂತುಬಿಡುತ್ತೆ, ವೈನ್ ಮಾಗೋಕೆ ಬೇಕಾಗಿರೋದು ಸುಮಾರು 12ರಿಂದ 16 ಡಿಗ್ರಿ, ಅದೂ ದಿನದಿಂದ ದಿನಕ್ಕೆ ಕುಣಿಯಬಾರದು. ಮಣ್ಣು ಮುಕ್ಕಾಲು ಕೆಲಸ ಪುಕ್ಕಟೆ ಮಾಡಿಕೊಟ್ರೆ ಏಸಿ ಮಾಡಬೇಕಾದ್ದು ಕಮ್ಮಿ, ಕರೆಂಟ್ ಕೈಕೊಟ್ಟ ದಿನವೂ ವೈನಿಗೆ ತೊಂದರೆ ಇಲ್ಲ.

ತೇವಾಂಶನೂ ಅಷ್ಟೇ ಮುಖ್ಯ. ಓಕ್ ಮರ ಉಸಿರಾಡುತ್ತೆ, ಪೀಪಾಯಿ ಒಳಗಿಂದ ವರ್ಷಕ್ಕೆ ಸುಮಾರು 2ರಿಂದ 5 ಪರ್ಸೆಂಟ್ ವೈನ್ ಆವಿಯಾಗಿ ಹೋಗುತ್ತೆ. ಗಾಳಿ ಒಣಗಿದ್ರೆ ನೀರು ಹೆಚ್ಚಾಗಿ ಹೋಗಿ ವೈನು ಗಡಸಾಗುತ್ತೆ, ಗಾಳಿಯಲ್ಲಿ ತೇವ ಜಾಸ್ತಿ ಇದ್ರೆ ಆಲ್ಕೋಹಾಲ್ ಹೆಚ್ಚಾಗಿ ಹೋಗುತ್ತೆ, ಅತಿ ಆದ್ರೆ ಬೂಸ್ಟು ಹಿಡಿಯುತ್ತೆ. ಈ ಸಮತೋಲನಕ್ಕೆ ಗೋಡೆ, ಕಮಾನು ಯಾವ ವಸ್ತುವಿಂದ ಮಾಡಿದ್ದು ಅನ್ನೋದೂ ಲೆಕ್ಕಕ್ಕೆ ಬರುತ್ತೆ. ಟೆರಾಕೋಟಾ ತೇವ ಹೀರುತ್ತೆ, ಬಿಡುತ್ತೆ, ಬಳಿದ ಪೇಂಟ್ ಗೋಡೆಗೆ ಆ ಗುಣ ಇಲ್ಲ. ಆ ಸೀಮೆಯಲ್ಲಿ ಟೆರಾಕೋಟಾ ತಲೆತಲಾಂತರದಿಂದ ಇರೋ ವಸ್ತು, ಇಲ್ಲಿ ಅದು ಅಲಂಕಾರಕ್ಕೆ ಅಂಟಿಸಿದ್ದು ಅಂತ ಅನ್ನಿಸಲ್ಲ, ಕೆಲಸಕ್ಕೆ ಬಂದಿದೆ. ಇನ್ನೊಂದು ಸಣ್ಣ ವಿಷಯ: ಆವಿಯಾದ ಜಾಗ ಖಾಲಿ ಬಿಟ್ರೆ ವೈನು ಕೆಡುತ್ತೆ, ಹಂಗಾಗಿ ಪ್ರತಿ ಪೀಪಾಯಿಗೂ ಆಗಾಗ ತುಂಬಿಸ್ತಾ ಇರಬೇಕು. 225 ಲೀಟರಿನ ತುಂಬಿದ ಪೀಪಾಯಿ ಹೆಚ್ಚುಕಮ್ಮಿ 270 ಕೆಜಿ ತೂಗುತ್ತೆ, ಅದನ್ನ ಅತ್ತಿತ್ತ ಸರಿಸೋ ಮಾತೇ ಇಲ್ಲ, ಮನುಷ್ಯನೇ ಅದರ ಹತ್ತಿರ ಹೋಗಬೇಕು. ಸಾಲುಗಳ ನಡುವೆ ಎಷ್ಟು ಜಾಗ ಬಿಟ್ಟಿದ್ದಾರೆ ಅಂತ ಯಾವುದೇ ವೈನರಿಯಲ್ಲಿ ನೋಡಿ, ಅಲ್ಲಿ ದಿನವಿಡೀ ಬಗ್ಗಿ ಕೆಲಸ ಮಾಡೋರ ಬಗ್ಗೆ ಆರ್ಕಿಟೆಕ್ಟಿಗೆ ಎಷ್ಟು ಕಾಳಜಿ ಇತ್ತು ಅಂತ ಅಲ್ಲೇ ತಿಳಿದುಬಿಡುತ್ತೆ.

ನೆಲದೊಳಗೆ ಕಟ್ಟೋದ್ರಲ್ಲಿ ದೊಡ್ಡ ಅಪಾಯನೂ ಒಂದಿದೆ, ಇದನ್ನ ಯಾವ ಬ್ರೋಶರಲ್ಲೂ ಬರೆಯಲ್ಲ. ಸಕ್ಕರೆ ಆಲ್ಕೋಹಾಲ್ ಆಗುವಾಗ ಕಾರ್ಬನ್ ಡೈಆಕ್ಸೈಡ್ ಹೊರಬರುತ್ತೆ, ಒಂದು ಲೀಟರ್ ರಸದಿಂದ ಹತ್ತಿರ ಹತ್ತಿರ 50 ಲೀಟರ್ ಗ್ಯಾಸು. ಬಣ್ಣ ಇಲ್ಲ, ವಾಸನೆ ಇಲ್ಲ, ಗಾಳಿಗಿಂತ ಸುಮಾರು ಒಂದೂವರೆ ಪಟ್ಟು ಭಾರ, ಹಂಗಾಗಿ ತಗ್ಗಿದ್ದ ಕಡೆ ಹೋಗಿ ನಿಲ್ಲುತ್ತೆ. ವೈನ್ ಮಾಡೋ ಎಷ್ಟೋ ದೇಶಗಳಲ್ಲಿ ಟ್ಯಾಂಕಿಗೆ ಇಳಿದವರು, ಅವರನ್ನ ಎತ್ತೋಕೆ ಹೋದವರು ಹೀಗೇ ಜೀವ ಕಳ್ಕೊಂಡಿದ್ದಾರೆ. ಮೇಲೆ ಕಿಟಕಿ ಇಟ್ಟು ಕೈತೊಳ್ಕೊಂಡ್ರೆ ಆಗಲ್ಲ, ಗಾಳಿ ಎಳೆಯೋ ಬಾಯಿಗಳು ನೆಲದ ಮಟ್ಟದಲ್ಲಿರಬೇಕು, ಗ್ಯಾಸ್ ಜಾಸ್ತಿ ಆದ್ರೆ ಕೂಗೋ ಅಲಾರಂ ಬೇಕು, ಹೊರಗೆ ಓಡೋಕೆ ಹತ್ತಿರದಲ್ಲೇ ದಾರಿ ಬೇಕು. ಗುಡ್ಡದೊಳಗೆ ಕಟ್ಟಿದಷ್ಟೂ ಈ ಜವಾಬ್ದಾರಿ ಜಾಸ್ತಿ. ಕಮಾನಿನ ಚೆಂದಕ್ಕಿಂತ ನಾನು ಇದಕ್ಕೇ ಮೊದಲು ಮಾರ್ಕ್ಸ್ ಕೊಡೋದು, ಯಾವ ವೈನರಿ ಟೂರಿಗೆ ಹೋದ್ರೂ ಗಾಳಿ ಎಲ್ಲಿಂದ ಬಂದು ಎಲ್ಲಿಗೆ ಹೋಗುತ್ತೆ ಅಂತ ಗೈಡನ್ನ ಕೇಳಿ, ಚೆನ್ನಾಗಿ ಗೊತ್ತಿರೋರು ಖುಷಿಯಿಂದ ತೋರಿಸ್ತಾರೆ.

ಇನ್ನು ನೆಲ. ವೈನರಿ ಕೆಲಸ ಅಂದ್ರೆ ಬಹುಪಾಲು ತೊಳೆಯೋದು, ಪಾತ್ರೆ ಜಾಸ್ತಿ ಇರೋ ದೊಡ್ಡ ಅಡುಗೆಮನೆ ಥರ. ನೆಲ ಒಂಚೂರು ಇಳಿಜಾರಿರಬೇಕು, ನೀರು ನಿಲ್ಲಬಾರದು, ಕಾಲು ಜಾರಬಾರದು, ವೈನಿನ ಹುಳಿಗೆ ಸಾದಾ ಕಾಂಕ್ರೀಟ್ ಕ್ರಮೇಣ ತಿಂದುಹೋಗುತ್ತೆ ಅಂತ ಮೇಲೆ ಗಟ್ಟಿ ಕೋಟಿಂಗ್ ಬೇಕು. ಇದೆಲ್ಲಾ ಫೋಟೋಗೆ ಬರಲ್ಲ.

ಮರದ ಬಗ್ಗೆ ಹೇಳದೇ ಇದ್ರೆ ಈ ರಿವ್ಯೂ ಅಪೂರ್ಣ. ಕೆಟ್ಟ ಕಾರ್ಕಿಂದ ವೈನಿಗೆ ಒದ್ದೆ ರಟ್ಟಿನ, ಮುಗ್ಗಲು ವಾಸನೆ ಬರುತ್ತೆ ಅಂತ ವೈನ್ ಕುಡಿಯೋರಿಗೆ ಗೊತ್ತು. ಅದೇ ವಾಸನೆ ಕಟ್ಟಡದಿಂದಲೂ ಬರಬಹುದು ಅನ್ನೋದು ಅಷ್ಟಾಗಿ ಗೊತ್ತಿಲ್ಲ. ಛಾವಣಿಯ ತೊಲೆಗೆ, ಮರದ ಚೌಕಟ್ಟಿಗೆ ಹುಳ ಹಿಡಿಯದಿರಲಿ ಅಂತ ಹಿಂದೆ ಕ್ಲೋರಿನ್ ಇರೋ ಕೆಮಿಕಲ್ ಬಳೀತಿದ್ರು, ಒದ್ದೆ ವಾತಾವರಣದಲ್ಲಿ ಬೂಸ್ಟು ಅದನ್ನ ಬದಲಾಯಿಸಿ ಆ ವಾಸನೆಯ ವಸ್ತು ಮಾಡುತ್ತೆ, ಅದು ಗಾಳಿಯಲ್ಲಿ ಹರಡಿ ಪೀಪಾಯಿಗೂ ವೈನಿಗೂ ಸೇರ್ಕೊಳ್ಳುತ್ತೆ. ಒಂದು ಬಾಟ್ಲಿ ಕೆಟ್ರೆ ಬಿಸಾಕಬಹುದು, ಕಟ್ಟಡವೇ ಕೆಟ್ರೆ ಏನು ಮಾಡೋದು? ಅದಕ್ಕೇ ಕ್ಲೋರಿನ್ ಹಾಕಿದ ಕ್ಲೀನಿಂಗ್ ಪೌಡರನ್ನೂ ಒಳ್ಳೇ ವೈನರಿಗಳಲ್ಲಿ ದೂರ ಇಡ್ತಾರೆ. ಮಣ್ಣು, ಇಟ್ಟಿಗೆ, ಕಾಂಕ್ರೀಟು, ಸ್ಟೀಲು ಹೆಚ್ಚಾಗಿ ಬಳಸಿದ ಕಟ್ಟಡದಲ್ಲಿ ಈ ಭಯ ಕಮ್ಮಿ.

ಹಂಗಂತ ಎಲ್ಲರೂ ಗುಡ್ಡ ಅಗೀಬೇಕು ಅಂತಲ್ಲ. ಕ್ಯಾಲಿಫೋರ್ನಿಯಾದ ನಾಪಾ ಕಣಿವೆಯ ಡೊಮಿನಸ್ ವೈನರಿ ನೋಡಿ, ಸ್ವಿಟ್ಜರ್ಲೆಂಡಿನ ಹರ್ಜೋಗ್ ಮತ್ತೆ ದ ಮ್ಯೂರೊನ್ ಅನ್ನೋ ಆರ್ಕಿಟೆಕ್ಟ್ ಜೋಡಿ ಡಿಸೈನ್ ಮಾಡಿದ್ದು, 1990ರ ದಶಕದ ಕೊನೆಯಲ್ಲಿ ಮುಗೀತು. ಅಲ್ಲಿ ಹಗಲು ಸುಡು ಬಿಸಿಲು, ರಾತ್ರಿ ಚಳಿ. ಅವರು ಬಸಾಲ್ಟ್ ಕಲ್ಲನ್ನ ತಂತಿ ಬುಟ್ಟಿಗಳಲ್ಲಿ ತುಂಬಿ ಆ ಬುಟ್ಟಿಗಳನ್ನೇ ಗೋಡೆಯಾಗಿ ಜೋಡಿಸಿದ್ರು. ರಸ್ತೆ ಪಕ್ಕ ಮಣ್ಣು ಕುಸಿಯದಿರಲಿ ಅಂತ ಹಾಕ್ತಾರಲ್ಲ, ಅದೇ ತಂತಿ ಬುಟ್ಟಿ. ಕಲ್ಲು ಹಗಲಿನ ಬಿಸಿ ತಡೆಯುತ್ತೆ, ಸಂದಿಯಲ್ಲಿ ಗಾಳಿ ಆಡುತ್ತೆ, ಕೆಲವು ಕಡೆ ಕಲ್ಲು ಬಿಡಿಬಿಡಿಯಾಗಿ ತುಂಬಿರೋದರಿಂದ ಬೆಳಕು ಚುಕ್ಕಿಚುಕ್ಕಿಯಾಗಿ ಒಳಗೆ ಬರುತ್ತೆ. ಸಾರ್ವಜನಿಕರಿಗೆ ಅಲ್ಲಿ ಟೂರ್ ಇಲ್ಲ, ಹಂಗಾಗಿ ನಾನು ಹೇಳ್ತಿರೋದು ಡ್ರಾಯಿಂಗ್, ಫೋಟೋ ನೋಡಿ. ಆದ್ರೂ ಇಷ್ಟು ಅಗ್ಗದ, ಒರಟಾದ ವಸ್ತುವಿಂದ ಇಷ್ಟು ಒಳ್ಳೇ ಕೆಲಸ ತೆಗೆದ ವೈನರಿ ಇನ್ನೊಂದು ನನಗೆ ಗೊತ್ತಿಲ್ಲ.

ಇದಕ್ಕೆ ವಿರುದ್ಧ ಸ್ಪೇನಿನ ಲಗ್ವಾರ್ಡಿಯಾ ಹತ್ತಿರದ ಬೊದೇಗಾಸ್ ಇಸಿಯೋಸ್ ವೈನರಿ, ಆರ್ಕಿಟೆಕ್ಟ್ ಸಾಂತಿಯಾಗೊ ಕಾಲಟ್ರಾವಾ ಡಿಸೈನ್ ಮಾಡಿದ್ದು, 2001. ಅಲೆಅಲೆಯಾಗಿ ಏರಿಳಿಯೋ ಅಲ್ಯೂಮಿನಿಯಂ ಛಾವಣಿ, ಹಿಂದಿನ ಬೆಟ್ಟದ ಸಾಲಿಗೆ ಜೋಡಿ ಥರ ಕಾಣುತ್ತೆ, ಮೊದಲ ನೋಟಕ್ಕೆ ಯಾರಾದ್ರೂ ಮನಸೋಲಬೇಕು. ಆದ್ರೆ ಆ ಛಾವಣಿ ಸೋರಿ, ವೈನರಿ ಮಾಲೀಕರು ಕೋರ್ಟಿಗೆ ಹೋಗಿದ್ದು ದೊಡ್ಡ ಸುದ್ದಿ ಆಗಿತ್ತು. ವಕ್ರ ಛಾವಣಿ ಕಟ್ಟಬಾರದು ಅಂತ ನಾನು ಹೇಳಲ್ಲ, ಆದ್ರೆ ಒಂದೊಂದು ತಿರುವಿನಲ್ಲೂ ಒಂದು ಜೋಡಣೆ, ಒಂದೊಂದು ಜೋಡಣೆಗೂ ನೀರು ನುಗ್ಗೋ ಒಂದು ದಾರಿ. ಒಳಗಿನ ಗಾಳಿಯಲ್ಲಿ ಎಷ್ಟು ತೇವ ಇರಬೇಕು ಅಂತ ಅಳತೆ ಇಟ್ಟು ಕೆಲಸ ಮಾಡೋ ಜಾಗಕ್ಕೆ ಅದು ಹೊಂದೋ ಮಾತಲ್ಲ.

ಅದೇ ಸ್ಪೇನಿನಲ್ಲಿ ನೂರು ವರ್ಷ ಹಿಂದೆ ಸೆಸಾರ್ ಮಾರ್ತಿನೆಲ್ ಅನ್ನೋ ಆರ್ಕಿಟೆಕ್ಟ್ ಕಟಲೋನಿಯಾದ ರೈತರ ಸಹಕಾರ ಸಂಘಗಳಿಗೆ ವೈನರಿ ಕಟ್ಟಿಕೊಟ್ರು, ಬಾರ್ಸಿಲೋನಾದ ಹೆಸರಾಂತ ಆರ್ಕಿಟೆಕ್ಟ್ ಗೌಡಿಯ ಶಿಷ್ಯ ಅವರು. ಅವುಗಳಲ್ಲಿ ಗಾಂದೇಸಾ ಅನ್ನೋ ಊರಿನದ್ದು 1919ರಲ್ಲಿ ಶುರುವಾಗಿದ್ದು. ಸಂಘದ ಹತ್ತಿರ ದುಡ್ಡು ಹೆಚ್ಚಿರಲಿಲ್ಲ, ಅದಕ್ಕೆ ಕೈಗೆ ಸಿಗೋ ಇಟ್ಟಿಗೆಯಿಂದಲೇ ಎತ್ತರದ ಕಮಾನು ಎಬ್ಬಿಸಿ, ಮೇಲೆ ಕಿಟಕಿ ಇಟ್ಟು ಬಿಸಿ ಗಾಳಿ ಹೋಗೋಕೆ ದಾರಿ ಮಾಡಿದ್ರು. ಜನ ಇವನ್ನ ವೈನಿನ ಕ್ಯಾಥೆಡ್ರಲ್‌ಗಳು ಅಂತ ಕರೀತಾರೆ. ಆಂಟಿನೋರಿಯಂಥ ದೊಡ್ಡ ಮನೆತನ ಮಾಡಿದ್ದನ್ನ ಮೆಚ್ಚುವಾಗ ನನಗೆ ಪದೇಪದೇ ಈ ರೈತರ ಕಟ್ಟಡಗಳು ನೆನಪಾಗ್ತವೆ. ಬೇಕಾಗಿರೋದು ತಂಪು, ಗಾಳಿ, ಸಲೀಸಾದ ದಾರಿ, ಇಟ್ಟಿಗೆ ಕಟ್ಟಡದಲ್ಲೂ ಅದನ್ನ ತರಬಹುದು ಅಂತ ಅವು ತೋರಿಸಿಕೊಟ್ಟಿವೆ.

ಈಗ ಆ ಅರ್ಧ ಸ್ಟಾರ್. ಗುಡ್ಡದೊಳಗೆ ಕಟ್ಟಿದ ಮೇಲೆ ಅದನ್ನ ಬದಲಾಯಿಸೋದು ಬಹಳ ಕಷ್ಟ. ವೈನ್ ಮಾಡೋ ವಿಧಾನ ಒಂದೇ ಥರ ಇರಲ್ಲ, ಇವತ್ತು ಸ್ಟೀಲ್ ಟ್ಯಾಂಕ್, ನಾಳೆ ಕಾಂಕ್ರೀಟು, ಆಮೇಲೆ ಮಣ್ಣಿನ ದೊಡ್ಡ ಗುಡಾಣ ಅಂತ ಮನಸ್ಸು ಬದಲಾಗುತ್ತೆ. ಬೇಸಿಗೆ ಕಾವು ಏರ್ತಾ ಇರೋದ್ರಿಂದ ಕೊಯ್ಲು ಬೇಗ ಬರ್ತಾ ಇದೆ, ಹಣ್ಣೆಲ್ಲಾ ಒಟ್ಟೊಟ್ಟಿಗೇ ಬಂದ್ರೆ ಹೆಚ್ಚು ಟ್ಯಾಂಕ್ ಬೇಕು, ಬಂದ ಹಣ್ಣು ತಣಿಸೋಕೆ ಹೆಚ್ಚು ಜಾಗ ಬೇಕು. ನೆಲದ ಮೇಲಿನ ಶೆಡ್ ಆಗಿದ್ರೆ ಪಕ್ಕಕ್ಕೆ ಇನ್ನೊಂದು ಹತ್ತು ಮೀಟರ್ ಎಳೀಬಹುದು, ಇಲ್ಲಿ ಪಕ್ಕ ಅಂದ್ರೆ ಗುಡ್ಡ, ಮೇಲೆ ಅಂದ್ರೆ ತೋಟ. ಎರಡನೇದು ಗಾಜು. ಪೀಪಾಯಿಗಳ ಮೇಲೆ ಚಾಚಿಕೊಂಡಿರೋ ಗಾಜಿನ ಟೇಸ್ಟಿಂಗ್ ರೂಮುಗಳು ನಿಜವಾಗಲೂ ಅದ್ಭುತ, ಜನರ ಮೈಬಿಸಿ, ಲೈಟು, ಸೆಂಟು ವೈನಿಗೆ ತಾಕದ ಹಾಗೆ ಗಾಜು ತಡೆಯುತ್ತೆ, ಇದು ಸರಿಯಾದ ನಿರ್ಧಾರವೇ. ಆದ್ರೆ ಅದೇ ಗಾಜು ವೈನರಿಯ ಹುಳಿಮಿಶ್ರಿತ ಘಮ, ಟ್ಯಾಂಕಿನ ಗುಳುಗುಳು ಸದ್ದು, ಇವನ್ನೂ ನಮ್ಮಿಂದ ದೂರ ಇಡುತ್ತೆ. ಕೆಲಸಕ್ಕೆ ಒಳ್ಳೇದಾಗಿದ್ದು ನೋಡೋರಿಗೆ ಒಂಚೂರು ನಷ್ಟ, ಇಬ್ಬರಲ್ಲಿ ಒಬ್ಬರನ್ನ ಆರಿಸಬೇಕಂದ್ರೆ ನಾನೂ ಕೆಲಸದ ಪಕ್ಷನೇ.

ಹೋಗೋರಿಗೆ ಎರಡು ಮಾತು. ಟೂರ್ ಮೊದಲೇ ಬುಕ್ ಮಾಡ್ಕೊಳ್ಳಿ, ಆಗೋದಾದ್ರೆ ಸೆಪ್ಟೆಂಬರ್ ಕೊನೆ, ಅಕ್ಟೋಬರ್ ಮೊದಲಲ್ಲಿ ಹೋಗಿ, ಸಾಂಜೊವೇಸೆ ಕೊಯ್ಲಿನ ಕಾಲ ಅದು, ಖಾಲಿ ಟ್ಯಾಂಕ್ ನೋಡೋದಕ್ಕೂ ತುಂಬಿ ಕುದೀತಿರೋ ಟ್ಯಾಂಕ್ ನೋಡೋದಕ್ಕೂ ಬಹಳ ವ್ಯತ್ಯಾಸ ಇದೆ. ನೆಲಮಾಳಿಗೆ ತಣ್ಣಗಿರುತ್ತೆ, ಹೊರಗೆ ಎಷ್ಟೇ ಬಿಸಿಲಿದ್ರೂ ಒಂದು ಸ್ವೆಟರ್ ಇಟ್ಕೊಳ್ಳಿ. ಮೆಟ್ಟಿಲು ಹತ್ತೋಕೆ ಕಷ್ಟ ಇರೋ ಹಿರಿಯರು ಜೊತೆಗಿದ್ರೆ ಬುಕ್ ಮಾಡುವಾಗಲೇ ಹೇಳಿಬಿಡಿ. ಮತ್ತೆ ಟೆರೇಸಿಗೆ ಹೋದ ತಕ್ಷಣ ಕ್ಯಾಮೆರಾ ತೆಗಿಯೋಕೆ ಮುಂಚೆ, ಛಾವಣಿಯಲ್ಲಿರೋ ದುಂಡು ತೂತುಗಳಿಂದ ಬೆಳಕು ಯಾವ ಕೋಣೆಗೆ ಬೀಳುತ್ತೆ, ಯಾವ ಕಡೆಗೆ ಬೇಕಂತಲೇ ಬಿಟ್ಟಿಲ್ಲ ಅಂತ ಒಂದು ರೌಂಡ್ ಗಮನಿಸಿ. ಜನ ಕೂತು ಕೆಲಸ ಮಾಡೋ ಆಫೀಸುಗಳಿಗೆ ಬೆಳಕು ಸಿಕ್ಕಿದೆ, ವೈನ್ ಮಲಗೋ ಕಡೆಗೆ ಸಿಕ್ಕಿಲ್ಲ.